ಗಂಡನ ಕಾಲು ದಾಟಿದ್ದು

ಕೈ ನಡುಗುವವರಿಗೆ ಸಲಹೆಗಳಿಗೇನೂ ಬರವಿಲ್ಲ. ನನ್ನ ಬಲಗೈ ನಡುಗಲು ಶುರುವಾದಾಗ ನಮ್ಮ ಬಸವೇಶ್ವರನಗರದ ಬೀದಿಯಲ್ಲಿ ಒಬ್ಬರು ಕಾಫಿ ಬಿಡಿ ಎಂದರು, ಇನ್ನೊಬ್ಬರು ದೃಷ್ಟಿ ತೆಗೆಸಿ ಎಂದರು. ಕಡೆಗೆ ಡಾಕ್ಟರಮ್ಮ ಅದಕ್ಕೆ ಪಾರ್ಕಿನ್ಸನ್ ಕಾಯಿಲೆ ಎಂದು ಹೆಸರು ಹೇಳಿ ಮಾತ್ರೆ ಬರೆದುಕೊಟ್ಟರು. "ಪೂರ್ತಿ ವಾಸಿ ಆಗಲ್ಲಮ್ಮ, ಆದ್ರೆ ನಿಮ್ಮ ಕೆಲಸ ನೀವು ಮಾಡ್ಕೊಂಡು ಆರಾಮಾಗಿ ಇರಬಹುದು" ಎಂದರು. ನಾನು ಮೊದಲ ಅರ್ಧವನ್ನಷ್ಟೇ ಕೇಳಿಸಿಕೊಂಡು ಆಟೋದಲ್ಲಿ ಮನೆಯವರೆಗೂ ಅತ್ತೆ.

ಮಾತ್ರೆ ಮೈಗೆ ಹತ್ತಲು ಕೆಲವು ವಾರ ಹಿಡಿಯಿತು. ಅಲ್ಲಿಯತನಕ ವಾಕರಿಕೆ ಬಿಟ್ಟರೆ ಬೇರೇನೂ ಕಾಣದೆ ಡಾಕ್ಟರಮ್ಮನನ್ನು ಮನಸಾರೆ ಬೈದುಕೊಂಡೆ. ಆಮೇಲೊಂದು ಬೆಳಿಗ್ಗೆ ಕನ್ನಡಿಯಲ್ಲಿ ನೋಡುತ್ತೇನೆ, ಬ್ಲೌಸಿನ ಹುಕ್ಕುಗಳನ್ನೆಲ್ಲ ನಾನೇ ಹಾಕಿಕೊಂಡುಬಿಟ್ಟಿದ್ದೇನೆ! ಅಷ್ಟು ದಿನ ಅದು ನಮ್ಮ ಯಜಮಾನರ ಕೆಲಸವಾಗಿತ್ತು. ಒಂದು ಹುಕ್ಕನ್ನಾದರೂ ತಪ್ಪಿಸದೆ ಅವರು ಹಾಕಿದ್ದೇ ಇಲ್ಲ. "ರೀ, ಬನ್ನಿ ಇಲ್ಲಿ!" ಎಂದು ನಾನು ಕೂಗಿದ ಕೂಗಿಗೆ, ಬಿದ್ದೇಬಿಟ್ಟೆನೆಂದುಕೊಂಡು ಮುಖದ ತುಂಬ ಶೇವಿಂಗ್ ನೊರೆಯೊಂದಿಗೆ ಓಡಿಬಂದರು. ಆ ಖುಷಿಯಲ್ಲಿ ಅಂದು ಅರ್ಧ ಬೀದಿಗೆ ರಂಗೋಲಿ ಹಾಕಿದೆ. ಸ್ಕೂಟರಿನವರು ಗೊಣಗುತ್ತಾ ಸುತ್ತಿ ಹೋದರು.

ಆದರೆ ಈ ಕಾಯಿಲೆ ಸುಮ್ಮನೆ ಕೂರುವ ಪೈಕಿಯದಲ್ಲ. ವರ್ಷಗಳು ಕಳೆದಂತೆ ಮಾತ್ರೆಯೂ ಹೆಚ್ಚಿತು, ಅದರ ಪ್ರಭಾವ ಇಳಿಯುವ ಹೊತ್ತಿಗೆ ಕಾಲು ನೆಲಕ್ಕೆ ಅಂಟಿಕೊಳ್ಳುವುದೂ ಶುರುವಾಯಿತು. ಒಂದು ದಿನ ಯಜಮಾನರ ಜೊತೆ ಹೋಗಿದ್ದ ವಿಜಯನಗರದ ಮಾರ್ಕೆಟ್ಟಿನಲ್ಲಿ ಸೊಗಡಿನ ಅವರೆಕಾಯಿ ಕಂಡ ಸಂಭ್ರಮದಲ್ಲಿ ಮಾತ್ರೆಯ ಹೊತ್ತು ಮೀರಿತು. ರಸ್ತೆಯ ನಡುವೆ ನಿಂತವಳು ನಿಂತೇಬಿಟ್ಟೆ. ಹಿಂದಿನಿಂದ ಆಟೋ ಹಾರ್ನು. ಕಾಲು ಅಂಟಿದಾಗ ಏನನ್ನಾದರೂ ಅಡ್ಡ ಇಟ್ಟು ದಾಟಿಸಿ ಎಂದು ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ಕಲಿಸಿದ್ದ ಉಪಾಯ ಯಜಮಾನರಿಗೆ ಥಟ್ಟನೆ ಹೊಳೆಯಿತು. ತಮ್ಮ ಕಾಲನ್ನು ನನ್ನ ಮುಂದೆ ಅಡ್ಡ ಇಟ್ಟು, "ದಾಟು" ಎಂದರು.

"ಅಯ್ಯೋ, ನಿಮ್ಮ ಕಾಲನ್ನಾ? ನಿಮ್ಮಮ್ಮ ಇದ್ದಿದ್ರೆ ಏನಂತಿದ್ರು?"

"ಅಮ್ಮನಿಗೆ ಮೇಲೆ ಹೋದ್ಮೇಲೆ ನಾನೇ ಹೇಳ್ಕೋತೀನಿ ಕಣೇ. ಈಗ ದಾಟು!"

ದಾಟಿದೆ. ದಾಟಿದ್ದೇ ತಡ, ಮುಂದಿನ ಹೆಜ್ಜೆಗಳು ತಾವಾಗಿಯೇ ಬಂದವು! ಸೊಪ್ಪು ಮಾರುವ ಅಜ್ಜಿ, "ಕಟ್ಕೊಂಡ ಗಂಡನ್ ಕಾಲ್ ದಾಟ್ತೀಯಲ್ಲವ್ವಾ!" ಎಂದು ಕೆನ್ನೆ ಬಡಿದುಕೊಂಡಳು. "ಡಾಕ್ಟ್ರೇ ಹೇಳಿರೋದು ಅಜ್ಜಿ" ಎಂದು ಯಜಮಾನರು ತಪ್ಪಿತಸ್ಥರಂತೆ ಒಪ್ಪಿಸಿದರು. ನನಗೆ ನಗು ತಡೆಯಲಾಗಲಿಲ್ಲ.

ಈಗ ಮಾತ್ರೆಗೆ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡಿದ್ದೇನೆ. ಆದರೂ ಆಗಾಗ ಕಾಲು ಅಂಟುತ್ತದೆ, ಮುಂದೆ ಇನ್ನಷ್ಟು ಅಂಟುವುದೂ ಗೊತ್ತಿದೆ. ಇವರು ಹೇಳಿಸಿಕೊಳ್ಳದೆಯೇ ಕಾಲು ಚಾಚುತ್ತಾರೆ. ಮೊನ್ನೆ ನೆಂಟರ ಮದುವೆಯಲ್ಲಿ ನನ್ನ ಓರಗಿತ್ತಿಯರು, ನಾದಿನಿಯರು ಎಲ್ಲ ನೋಡುತ್ತಿದ್ದಂತೆಯೇ ಛತ್ರದ ನಡುವೆ ನಿಂತುಬಿಟ್ಟೆ. ಇವರು ಗಾಬರಿಯಿಂದ ಓಡಿಬಂದು ಕಾಲು ಚಾಚಿದರು. ನಾನು ಸೀರೆಯ ನೆರಿಗೆ ಎತ್ತಿ, ಮಹಾರಾಣಿಯಂತೆ ದಾಟಿದೆ. ಆಗ ನನ್ನ ಕಾಲು ಅಂಟಿರಲೇ ಇಲ್ಲ ಎಂಬುದನ್ನು ಇವರಿಗೆ ಇನ್ನೂ ಹೇಳಿಲ್ಲ.