ಕುಲಶೇಖರದ ಗುಜರಿ ಕ್ಲಾಸು

ಗುಜರಿ ರಾಶಿಯ ಎದುರು ಕಾಲೇಜು ಮಕ್ಕಳನ್ನು ಬಿಟ್ಟು ನೋಡಿ, ಒಂದು ಆದಿತ್ಯವಾರವಾದರೂ ಸುಸೂತ್ರವಾಗಿ ಮುಗಿದರೆ ಕೇಳಿ. ಬೈಕಂಪಾಡಿಯ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ವೆಲ್ಡಿಂಗ್ ಮಾಡಿದವ ನಾನು. ಈಗ ಕುಲಶೇಖರದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ, ಹಳೆ ಕಬ್ಬಿಣದಿಂದ ಕಲಾಕೃತಿ ಮಾಡಲಿಕ್ಕೆ ಮಕ್ಕಳಿಗೆ ಕಲಿಸುತ್ತೇನೆ. ಕಲಿಸುತ್ತೇನೆ ಅನ್ನುವುದು ಬಾಯಿಮಾತಿಗೆ. ಯಾರು ಯಾರಿಗೆ ಕಲಿಸುವುದು ಅಂತ ನನಗಿನ್ನೂ ಗೊತ್ತಾಗಿಲ್ಲ.

೧. ಬ್ರೇಕ್ ಶೂ

ಮೊದಲ ದಿನ ಬೈಕಿನ ಸವೆದ, ಬಿಲ್ಲಿನ ಹಾಗೆ ಬಾಗಿದ ಬ್ರೇಕ್ ಶೂ ಒಂದನ್ನು ಎತ್ತಿ ಹಿಡಿದು, "ಇದೆಂತ, ಹೇಳಿ ನೋಡುವ" ಅಂದೆ. ಒಬ್ಬ ಹುಬ್ಬು ಅಂದ. ಇನ್ನೊಬ್ಬ ಚೌತಿಯ ಚಂದ್ರ ಅಂದ. ಕೊಡಿಯಾಲ್‌ಬೈಲಿನ ಭಟ್ರ ಮನೆಯ ಹುಡುಗಿ ಅದನ್ನು ತಿರುಗಿಸಿ ಹಿಡಿದು, "ನಗು" ಅಂದಳು.

"ಬ್ರೇಕ್ ಶೂ ಮಾರಾಯ್ರೆ!" ಅಂದೆ.

ಅವಳು ಪಾಪ ಅನ್ನುವ ಹಾಗೆ ನನ್ನನ್ನು ನೋಡಿ, "ಸರ್, ನಿಮಗೆ ಅಷ್ಟೇ ಕಾಣುವುದಾ?" ಅಂತ ಕೇಳಿದಳು.

ಆ ಮಾತು ತಲೆ ಕೊರೆಯಲಿಕ್ಕೆ ಶುರುವಾಯಿತು. ಮಧ್ಯಾಹ್ನ ಊಟಕ್ಕೆ ಕೂತವ, ಇದರಲ್ಲಿ ಎಂತೆಲ್ಲ ಕಾಣ್ತದೆ ನೋಡುವ ಅಂತ ಸೌಟನ್ನು ಹಿಂದೆ ಮುಂದೆ ತಿರುಗಿಸ್ತಾ ಇದ್ದೆ. ಹೆಂಡತಿ ಹೇಳಿದಳು, "ತೊಳೆದದ್ದೇ ಅದು. ಬೇಕಾದ್ರೆ ಸಾರು ಹಾಕಿಕೊಳ್ಳಿ, ಬೇಡದಿದ್ರೆ ಇಲ್ಲಿ ಕೊಡಿ."

೨. ಏಕಾಂತ

ಆ ಭಟ್ರ ಮನೆಯ ಹುಡುಗಿಯ ಕೈ ಬಹಳ ಒಳ್ಳೆಯದು. ಕಷ್ಟ ಇದ್ದದ್ದು ಅವಳ ಅಜ್ಜಿಯದ್ದು. "ಗುಜರಿ ಹೆಕ್ಕಲಿಕ್ಕಾ ನಿನ್ನನ್ನು ಓದಿಸುವುದು?" ಅಂತ ದಿನಾ ಜೋರು. ಕಡೆಗೆ, "ಬರುವ ಆದಿತ್ಯವಾರ ನಾನೇ ಬಂದು ನೋಡ್ತೇನೆ. ಸರಿ ಕಾಣದಿದ್ರೆ ಅಂದಿಗೇ ಕ್ಲಾಸು ಬಂದ್" ಅಂದರಂತೆ. ಹುಡುಗಿಯ ಕಣ್ಣಲ್ಲಿ ನೀರು. ನನಗೂ ಸಂಕಟ. ಅಂಥ ಕೈಯನ್ನು ನಾನು ಬೈಕಂಪಾಡಿಯಲ್ಲೂ ಕಂಡದ್ದಿಲ್ಲ.

ಅಜ್ಜಿಗೆ ಚೆಂದ ಕಾಣಲಿ ಅಂತ ಶೆಡ್ಡು ಗುಡಿಸಿದೆ. ಗುಡಿಸುವ ಭರದಲ್ಲಿ, ಮೇಜಿನ ಮೇಲೆ ಒಂಟಿಯಾಗಿ ನಿಂತಿದ್ದ ಬೋಲ್ಟೊಂದನ್ನು ರಾಶಿಗೆ ಎಸೆದೆ.

"ಅಯ್ಯೋ ಸರ್, ಅದು ನನ್ನ 'ಏಕಾಂತ'!" ಅಂತ ಒಬ್ಬ ಬೊಬ್ಬೆ ಹಾಕಿದ. ಎರಡು ವಾರದ ಕೆಲಸವಂತೆ! ಎಲ್ಲರೂ ಕೂತು ಹುಡುಕಿದೆವು. ಸಿಕ್ಕಿತು, ಆದರೆ ಒಂದು ಸ್ಪ್ರಿಂಗು ಅದಕ್ಕೆ ಸಿಕ್ಕಿಹಾಕಿಕೊಂಡಿತ್ತು. ಎಷ್ಟು ಎಳೆದರೂ ಬಿಡಲಿಲ್ಲ. ಹುಡುಗ ಅದನ್ನು ಹಾಗೆಯೇ ಮೇಜಿನ ಮೇಲೆ ನಿಲ್ಲಿಸಿದ. ಆಮೇಲೆ ಅದಕ್ಕೆ ಅಂಟಿಸಲಿಕ್ಕೆ ಬರೆದಿಟ್ಟ ಚೀಟಿಯಲ್ಲಿದ್ದ ಹೆಸರು ಹೊಡೆದುಹಾಕಿ 'ಮದುವೆ' ಅಂತ ಬರೆದ.

೩. ಹುಂಜ

ಅಜ್ಜಿ ಬಂದರು. ಮೊಮ್ಮಗಳು ಮಾಡಿಟ್ಟದ್ದು ಒಂದು ಹುಂಜ. ಹಳೆ ಸ್ಕೂಟರಿನ ಮಡ್‌ಗಾರ್ಡಿನ ಬೆನ್ನು, ಗೇಣುದ್ದದ ಸರಳಿನ ಕಾಲು, ಲಾರಿಯ ಸ್ಪ್ರಿಂಗ್ ಪಟ್ಟಿಯ ಬಾಲ. ಅಜ್ಜಿ ಬೇರೆ ಯಾವುದನ್ನೂ ನೋಡಲಿಲ್ಲ, ಅದರ ಜುಟ್ಟನ್ನೇ ನೋಡಿದರು.

"ಇದು ನನ್ನ ಹೆರೆಮಣೆಯ ಹಲ್ಲಲ್ವಾ?"

ಕಾಯಿ ತುರಿಯುವ ಆ ಹಳೆ ಮಣೆ ಗೆದ್ದಲು ಹಿಡಿದು ಅಟ್ಟದಲ್ಲಿ ಬಿದ್ದಿತ್ತಂತೆ. ಹುಡುಗಿ ಯಾರನ್ನೂ ಕೇಳದೆ ಅದರ ಹಲ್ಲು ಕಿತ್ತು ತಂದು ಹುಂಜಕ್ಕೆ ಜುಟ್ಟು ಮಾಡಿದ್ದಳು. ಇನ್ನು ಮುಗೀತು ಕಥೆ ಅಂದುಕೊಂಡೆ.

ಅಜ್ಜಿ ಆ ಹಲ್ಲಿನ ಮೇಲೆ ಬೆರಳಾಡಿಸಿದರು. "ಮಾಷ್ಟ್ರೇ, ಒಂದು ತೆಂಗಿನಕಾಯಿ ಉಂಟಾ?"

ನನ್ನ ಹೆಂಡತಿ ಕಾಯಿ ಒಡೆದು, ತಟ್ಟೆ ತಂದಿಟ್ಟಳು. ಅಜ್ಜಿ ಜುಟ್ಟಿನ ಹಲ್ಲು ತೊಳೆದು, ಸೀರೆ ಸರಿಮಾಡಿಕೊಂಡು, ಹುಂಜದ ಬೆನ್ನ ಮೇಲೆ ಕೂತೇಬಿಟ್ಟರು. ಕರಕರ, ಕರಕರ. ಅರ್ಧ ಕಾಯಿ ತುರಿದಾಯಿತು.

"ಅಲುಗಾಡುವುದಿಲ್ಲ" ಅಂದರು ಅಜ್ಜಿ. ಬಾಲಕ್ಕೆ ಒರಗಿ, "ಬೆನ್ನಿಗೂ ಸುಖ ಉಂಟು" ಅಂದರು.

ಮೊಮ್ಮಗಳು ಮೆಲ್ಲ ಕೇಳಿದಳು, "ಹಾಗಾದ್ರೆ ಅಜ್ಜಿ, ನನ್ನ ಕ್ಲಾಸು?"

"ಬರುವ ಆದಿತ್ಯವಾರ ಬರ್ಲೇಬೇಕಲ್ಲ ಮಾರಾಯ್ತಿ" ಅಂದರು ಅಜ್ಜಿ, "ಇದನ್ನು ನವಿಲು ಮಾಡಿ ತಾ. ನಮ್ಮ ಅಡಿಗೆಮನೆಗೆ ಕೋಳಿ ಬರುವ ಕ್ರಮ ಇಲ್ಲ."