ಬೈಂಡಿಂಗ್ ಮೇಷ್ಟ್ರ ನಾಯಿನೀತಿ

ಶನಿವಾರ ಬೆಳಿಗ್ಗೆ ಬೈಂಡಿಂಗ್ ಮೇಷ್ಟ್ರು ಹಳೆಯ ನಿಘಂಟೊಂದರ ಬೆನ್ನಿಗೆ ಬಟ್ಟೆ ಹಚ್ಚುತ್ತ, ತಿರುಗಿ ನೋಡದೆ ಬ್ರಷ್ಷಿಗಾಗಿ ಕೈ ಚಾಚಿದರು. ರಜಾದಿನಗಳಲ್ಲಿ ಮಗಳು ಪುಟ್ಟಿ ಪಕ್ಕದಲ್ಲೇ ಕುಳಿತು, ಕೇಳುವ ಮೊದಲೇ ಅದನ್ನು ಕೈಗಿಡುವುದು ವಾಡಿಕೆ. ಅವರ ಬದುಕಿನ ಅತಿ ದೊಡ್ಡ ಸುಖವೂ ಅದೇ. ಇಂದು ಚಾಚಿದ ಕೈ, ಬಸ್ಸು ತಪ್ಪಿದವನಂತೆ ಗಾಳಿಯಲ್ಲೇ ನಿಂತಿತು.

ಪುಸ್ತಕಕ್ಕೆ ರಟ್ಟು ಕಟ್ಟುವುದು ಅವರ ವೃತ್ತಿ. ಬುದ್ಧಿ ಹೇಳುವುದು ಪ್ರವೃತ್ತಿ. ಬೀದಿಯವರು ಮೇಷ್ಟ್ರು ಎನ್ನುತ್ತಿದ್ದುದು ಆ ಕಾರಣಕ್ಕೆ.

"ಪುಟ್ಟಿ ಎಲ್ಲಿ?"

"ಇನ್ನೆಲ್ಲಿ, ಎದುರುಮನೇಲಿ," ಎಂದರು ಮಹಡಿಯ ನರ್ಸಮ್ಮ, ಮೆಟ್ಟಿಲ ಮೇಲಿನಿಂದ. "ಕನ್ನಡಕದಂಗಡಿಯವರು ಬೀಗಲ್ ನಾಯಿಮರಿ ಕೊಂಡು ತಂದಿದಾರಲ್ಲ. ಅಪ್ಪಟ ತಳಿಯಂತೆ. ಅದರ ಮುತ್ತಜ್ಜನ ಹೆಸರೂ ಕಾಗದದಲ್ಲಿದೆ. ನಿಮ್ಮ ಮುತ್ತಜ್ಜನ ಹೆಸರು ಗೊತ್ತಾ ನಿಮಗೆ?"

ಮೇಷ್ಟ್ರಿಗೆ ಗೊತ್ತಿರಲಿಲ್ಲ. ಕಿಟಕಿಯಾಚೆ ಪುಟ್ಟಿ ಮರಿಯ ಉದ್ದ ಕಿವಿಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡು ನಗುತ್ತಿದ್ದಳು. ಆ ನಗು ನ್ಯಾಯವಾಗಿ ಈ ಮನೆಗೆ ಸೇರಬೇಕಾದದ್ದು. ಹೊಟ್ಟೆಯಲ್ಲಿ ಎದ್ದ ಉರಿಯನ್ನು ಅವರು ತತ್ತ್ವವೆಂದೇ ತಿಳಿದು, ನೆಟ್ಟಗೆ ರಸ್ತೆ ದಾಟಿದರು.

"ಏನ್ರೀ, ಆಶ್ರಯಧಾಮದಲ್ಲಿ ನೂರಾರು ನಾಯಿಗಳು ಬೋನಲ್ಲಿ ಬಿದ್ದಿವೆ. ನೀವು ಒಂದು ಜೀವಾನ ಕುರ್ಚಿ ಮೇಜಿನ ಥರ ಕೊಂಡು ತರ್ತೀರಲ್ಲ. ಕಾಗದ ನೋಡಿ ಹುಟ್ಟೋದು ಪ್ರೀತೀನಾ?"

ಮಾತು ಸರಿಯಾಗಿತ್ತು, ಅದರಲ್ಲಿ ಒಂದಕ್ಷರವನ್ನೂ ಅಲ್ಲಗಳೆಯುವಂತಿರಲಿಲ್ಲ. ಆಡಿದ ಕಾರಣ ಮಾತ್ರ ಸರಿಯಿರಲಿಲ್ಲ. ಕನ್ನಡಕದವರು ಮರಿಯ ಕಾಗದವನ್ನು ಮೆಲ್ಲಗೆ ಮಡಚಿ ಜೇಬಿಗಿಟ್ಟರು.

"ಬಾ ಪುಟ್ಟಿ. ಇವತ್ತೇ ಒಂದು ಅನಾಥ ನಾಯೀನ ಮನೆಗೆ ತರೋಣ."

ಮನೆ ನೋಡದೆ ನಾಯಿ ಕೊಡುವ ಪದ್ಧತಿ ಆಶ್ರಯಧಾಮದಲ್ಲಿರಲಿಲ್ಲ. ಮಧ್ಯಾಹ್ನ ಅಲ್ಲಿನ ಮೇಲ್ವಿಚಾರಕಿ ಕಂದು ಬಣ್ಣದ ನಾಯಿಯೊಂದನ್ನು ಹಗ್ಗ ಹಿಡಿದು ಕರೆತಂದರು. ಅದರ ಒಂದು ಕಿವಿ ನೆಟ್ಟಗೆ, ಇನ್ನೊಂದು ಮಲಗಿಕೊಂಡಿತ್ತು. ಅದು ಎರಡು ಕಿವಿಗಳನ್ನೂ ಲೆಕ್ಕಿಸದೆ ಮೂಗನ್ನಷ್ಟೇ ನಂಬಿ, ನೇರವಾಗಿ ಮೈದಾ ಅಂಟಿನ ಪಾತ್ರೆಗೆ ಬಾಯಿ ಹಾಕಿತು. ಪಾತ್ರೆ ಬರಿದಾದ ಮೇಲೆ, ಅದೇ ಅಂಟು ಹಸಿಯಾಗಿ ಹತ್ತಿದ್ದ ನಿಘಂಟನ್ನು ಅಕಾರದಿಂದ ಕಕಾರದವರೆಗೆ ಜೀರ್ಣಿಸಿಕೊಂಡಿತು. ಹಗ್ಗ ಎಳೆಯಲು ಹೋದ ಮೇಷ್ಟ್ರ ಕಾಲಿಗೆ ಮೂರು ಸುತ್ತು ಸುತ್ತಿ, ಅವರನ್ನು ರಟ್ಟಿನ ರಾಶಿಯ ಮೇಲೆ ಮಲಗಿಸಿತು.

ಮೇಲ್ವಿಚಾರಕಿ ಬರೆದುಕೊಳ್ಳುತ್ತಿದ್ದರು. "ದಬ್ಬಳ, ಬ್ಲೇಡು, ಕತ್ತರಿ ಆರು..."

"ಆಪರೇಷನ್ ಕೋಣೇಲೂ ನಾನು ಇಷ್ಟು ಕತ್ತರಿ ನೋಡಿಲ್ಲ," ಎಂದರು ನರ್ಸಮ್ಮ, ಕೇಳದಿದ್ದರೂ.

"ಕ್ಷಮಿಸಿ ಸಾರ್, ಈ ಮನೆಗೆ ನಾಯಿ ಕೊಡೋಕಾಗಲ್ಲ," ಎಂದರು ಮೇಲ್ವಿಚಾರಕಿ. " ಮತ್ತೆ ಬೋನಿಗೇ ಕರ್ಕೊಂಡು ಹೋಗ್ತೀನಿ."

ಪುಟ್ಟಿಯ ಕಣ್ಣು ತುಂಬಿತು. ಅಷ್ಟರಲ್ಲಿ ಸದ್ದು ಕೇಳಿ ಕನ್ನಡಕದವರು ಓಡಿಬಂದರು. ನಾಯಿ ಹೋಗಿ ಅವರ ಪಾದದ ಮೇಲೆ ಕುಳಿತಿತು.

"ಈ ಮಾಮನ ಮನೇಲಿ ಕತ್ತರಿ ಇಲ್ಲ," ಎಂದಳು ಪುಟ್ಟಿ. "ಅಂಗಳಾನೂ ಇದೆ."

ಕನ್ನಡಕದವರು ಮೇಷ್ಟ್ರನ್ನು ಎಬ್ಬಿಸಿ ನಿಲ್ಲಿಸಿದರು. "ಬೆಳಿಗ್ಗೆ ನೀವು ಅಂದಿದ್ದು ಮನಸ್ಸಿಗೆ ನಾಟಿಬಿಡ್ತು ಮೇಷ್ಟ್ರೇ. ತಿಂಡಿ ಕೂಡ ಸೇರಲಿಲ್ಲ. ನೀವು ಒಪ್ಪಿದ್ರೆ ಇದನ್ನ ನಾನೇ ಸಾಕ್ತೀನಿ."

ಎಲ್ಲರೂ ಮೇಷ್ಟ್ರ ಮುಖ ನೋಡಿದರು. ಒಪ್ಪದಿದ್ದರೆ ತತ್ತ್ವಕ್ಕೆ ದ್ರೋಹ, ಒಪ್ಪಿದರೆ ಹೊಟ್ಟೆಯ ಉರಿಗೆ. ಅಂಟು ತುಟಿಗೂ ಹತ್ತಿದೆಯೇನೋ ಎಂಬಂತೆ ಕಷ್ಟಪಟ್ಟು ಬಾಯಿ ಬಿಡಿಸಿ, "ಸಾಕಿ," ಎಂದರು.

ಮೇಲ್ವಿಚಾರಕಿ ಕನ್ನಡಕದವರ ಮನೆ ನೋಡಿ, ಮೆಚ್ಚಿ, ನಾಯಿಯನ್ನು ಅಲ್ಲೇ ಬಿಟ್ಟು ಹೋದರು.

ಸಂಜೆ ಪುಟ್ಟಿ ಓಡಿಬಂದು ತಂದೆಯ ಕೊರಳಿಗೆ ಜೋತುಬಿದ್ದಳು. "ಅಪ್ಪ, ನೀನು ಹೇಳಿದ್ದಕ್ಕೇ ಅದಕ್ಕೊಂದು ಮನೆ ಸಿಕ್ತು. ನಮ್ಮಪ್ಪ ಎಷ್ಟು ಒಳ್ಳೆಯವರು ಅಂತ ಬೀದಿಗೆಲ್ಲ ಹೇಳಿಬಂದೆ."

ಮೇಷ್ಟ್ರ ಉರಿ ಅರ್ಧ ಆರಿತು. ಅವರು ಪುಟ್ಟಿ ಕೂರುವ ಮಣೆಯನ್ನು ಪಕ್ಕಕ್ಕೆ ಎಳೆದು ಧೂಳು ಒರೆಸಿದರು. "ಕೂತ್ಕೊ ಬಾ. ನಿಘಂಟು ಮೊದಲಿನಿಂದ ಹೊಲೀಬೇಕು."

"ಇಲ್ಲಪ್ಪ, ಚಪ್ಪಲಿ ಹಾಕ್ಕೊಂಡು ಹೋಗೋಣ ಅಂತ ಬಂದೆ. ಒಂದು ಮರಿ ಇದ್ದಾಗ ಮಾಮ ಒಬ್ಬರೇ ವಾಕಿಂಗ್ ಹೋಗ್ತಿದ್ರು. ಈಗ ಎರಡು ನಾಯಿ ಎರಡು ದಿಕ್ಕಿಗೆ ಎಳೀತವೆ. ಇನ್ಮೇಲೆ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ನಾನು ಹೋಗ್ಲೇಬೇಕು."