ನಡುಗೋಡೆಯಾಚೆಗಿನ ಹೆಂಗಸು

ಅವಳು ‘ಹೋಗಬೇಡ’ ಅನ್ನಬೇಕೋ, ಅಥವಾ ಸುಮ್ಮನೆ ಅವನ ಕೋಟಿನ ಗುಂಡಿ ಹಾಕಬೇಕೋ? ಅಂದುಬಿಟ್ಟರೆ ಕವಿತೆ ಅಳುಮುಂಜಿಯಾಗುತ್ತದೆ. ಅನ್ನದಿದ್ದರೆ ಅವಳ ಸಂಕಟ ಓದುವವನಿಗೆ ತಿಳಿಯುವುದಿಲ್ಲ. ಓದುವವನು ಅಂತ ಒಬ್ಬ ಇದ್ದರೆ ತಾನೆ, ಎಂದುಕೊಂಡ ಹೊರೇಸ್ ಟಿಂಡಲ್.

ಇಂಗ್ಲೆಂಡಿನ ಗ್ರಿಮ್ಸ್‌ಬಿಯ ಗ್ಯಾಸ್ ಕಚೇರಿಯಲ್ಲಿ ಅವನು ಗುಮಾಸ್ತ. ಅವನ ಎರಡು ತೆಳ್ಳನೆಯ ಕವನಸಂಕಲನಗಳು ಊರಿನ ಲೈಬ್ರರಿಯಲ್ಲಿ ಹೆಣ್ಣು ಸಿಗದ ಅಣ್ಣತಮ್ಮಂದಿರ ಹಾಗೆ ಒಂದಕ್ಕೊಂದು ಆತುಕೊಂಡು ನಿಂತಿದ್ದವು. ಈಗ ಬರೆಯುತ್ತಿದ್ದದ್ದು ಒಬ್ಬ ಮೀನುಗಾರ ಮತ್ತು ಅವನ ಹೆಂಡತಿಯ ಮಾತುಕತೆ. ಬಾಯಲ್ಲಿ ಅಂದು ನೋಡದೆ ಅವನಿಗೆ ಸಾಲು ಕೂರುತ್ತಿರಲಿಲ್ಲ. ಹಾಗಾಗಿ ಚಳಿಗಾಲವಿಡೀ ಸಂಜೆ ಹೊತ್ತು ಗಂಡನ ಮಾತನ್ನು ಗೊಗ್ಗರು ದನಿಯಲ್ಲಿ, ಹೆಂಡತಿಯ ಮಾತನ್ನು ಸಣ್ಣ ದನಿಯಲ್ಲಿ ತಾನೇ ಆಡಿಕೊಳ್ಳುತ್ತಿದ್ದ. ಆ ಬೀದಿಯ ಮನೆಗಳೆಲ್ಲ ಹೆಗಲಿಗೆ ಹೆಗಲು ತಾಗಿಸಿ ನಿಂತಂಥವು. ನಡುಗೋಡೆ ಬಿಸ್ಕತ್ತಿನಷ್ಟು ದಪ್ಪ.

ಶನಿವಾರ ಬೆಳಿಗ್ಗೆ ಮಾಂಸದಂಗಡಿಯಲ್ಲಿ ಅವನು ಒಂದು ತುಂಡು ಕೇಳಿದರೆ ಅಂಗಡಿಯವ ಸ್ಪ್ರಾಗ್ ಎರಡು ಕಟ್ಟಿಕೊಟ್ಟ. “ಒಬ್ರೇ ತಿಂದ್ರೆ ಆಗುತ್ತೇನ್ರೀ?” ಎಂದು ಕಣ್ಣು ಹೊಡೆದ. ಹಿಂದೆ ಸಾಲಿನಲ್ಲಿದ್ದ ಹೆಂಗಸರೆಲ್ಲ ಒಮ್ಮೆಗೇ ಮಳೆಯ ಬಗ್ಗೆ ಮಾತಾಡತೊಡಗಿದರು.

ಮನೆಗೆ ಬಂದರೆ ಎದುರುಮನೆಯ ಮಿಸೆಸ್ ಪಾಟ್ಸ್ ಸಕ್ಕರೆಗೆಂದು ಬಂದು, ಸಕ್ಕರೆ ಡಬ್ಬಿಯೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ನೋಡಿದಳು.

“ಮೇಲಿದಾರಾ ಅವ್ರು?”

“ಯಾರು?”

“ಆಯ್ತು ಬಿಡಿ, ನಾನೇನು ಪಾದ್ರಿಯಲ್ಲ. ದಿನಾ ಸಂಜೆ ಒಬ್ಬ ಹೆಂಗಸಿನ ದನಿ ಬರ್ತಿದ್ರೆ ಬೀದಿಗೆ ಗೊತ್ತಾಗಲ್ವಾ? ಪಾಪ, ಎನಿಡ್‌ದೇ ನಂಗೆ ಚಿಂತೆ. ನಾಳೆ ನಿಮ್ಮನ್ನ ಟೀಗೆ ಕರೀತೀನಿ ಅಂತ ಶುಂಠಿ ಕೇಕ್ ಮಾಡೋಕೆ ಹೊರಟಿದ್ಲು. ಈಗ ಯಾವ ಮುಖ ಇಟ್ಕೊಂಡು ಕರೀತಾಳೆ?”

ಪಕ್ಕದ ಮನೆಯ ಎನಿಡ್ ಪಾಸ್ಕ್ ಟೋಪಿ ಅಂಗಡಿಯವಳು, ಅವನಂತೆಯೇ ಒಂಟಿ. ಬೇಲಿಯ ಮೇಲಿಂದ ಚಳಿಯ ಬಗ್ಗೆ ಆಡುವ ಮಾತನ್ನು ಮೀರಿ ಅವರಿಬ್ಬರೂ ವರ್ಷಗಳಿಂದ ಮುಂದೆ ಹೋಗಿರಲಿಲ್ಲ. ಅವನನ್ನು ಯಾರಾದರೂ ಮನೆಗೆ ಕರೆದು ಯಾವ ಕಾಲವಾಯಿತೋ.

ಮಿಸೆಸ್ ಪಾಟ್ಸ್ ತನ್ನ ಮನೆ ಸೇರಿದ್ದೇ ತಡ, ಅವನು ಟೋಪಿಯನ್ನೂ ಹಾಕಿಕೊಳ್ಳದೆ ಓಡಿದ. ನಿಜ ಹೇಳಿಬಿಡಬೇಕೆಂದೇ ಎನಿಡ್‌ಳ ಬಾಗಿಲು ತಟ್ಟಿದ. ಆದರೆ ‘ಆ ಹೆಂಗಸು ನಾನೇ’ ಎಂದು ಹೇಳುವುದು ಹೇಗೆ? ಎದುರುಮನೆಯ ಪರದೆ ಆಗಲೇ ಅಲುಗುತ್ತಿತ್ತು. ಹೆಂಗಸನ್ನು ಇಟ್ಟುಕೊಂಡವನನ್ನು ಬೀದಿ ಕ್ಷಮಿಸೀತು. ದಿನಾ ಸಂಜೆ ತಾನೇ ಹೆಂಗಸಾಗುವವನನ್ನು?

“ಅವ್ಳು ಹೊರಟುಹೋದ್ಳು, ಮಿಸ್ ಪಾಸ್ಕ್. ಇನ್ನು ಬರೋದಿಲ್ಲ,” ಎಂದ.

“ನೀವೇ ಕಳಿಸಿದ್ರಾ?”

“ಹೌದು,” ಎಂದ, ಬಹುಮಾನಕ್ಕೆ ಕಾದ ಹುಡುಗನಂತೆ.

ಎನಿಡ್‌ಳ ಕಣ್ಣು ತುಂಬಿ ಬಂತು.

“ಚಳಿಗಾಲ ಪೂರ್ತಿ ಗೋಡೆಗೆ ಕುರ್ಚಿ ಹಾಕ್ಕೊಂಡು ಕೂತಿದೀನಿ, ಟಿಂಡಲ್ ಅವ್ರೇ. ತಪ್ಪು, ಗೊತ್ತು. ಆದ್ರೆ ಅಷ್ಟು ಚೆನ್ನಾಗಿ ಮಾತಾಡೋರನ್ನ ನಾನು ಕಂಡೇ ಇಲ್ಲ. ನೀವು ಅಷ್ಟೊಂದು ಗೊಣಗ್ತಿದ್ರೂ ಅವ್ರು ಒಂದ್ಸಲ ದನಿ ಎತ್ತಲಿಲ್ಲ. ಟೀಗೆ ಕರೀಬೇಕು ಅಂದ್ಕೊಂಡಿದ್ದು ಇಬ್ರನ್ನೂ. ನಿಜ ಹೇಳ್ಬೇಕಂದ್ರೆ, ಅವ್ರನ್ನೇ.”

ಅವಳು ಬಾಗಿಲನ್ನು ಧಡಾರನೆ ಬಡಿಯಲಿಲ್ಲ. ಮೆಲ್ಲಗೆ ಮುಚ್ಚಿದಳು. ಮಧ್ಯಾಹ್ನದ ಹೊತ್ತಿಗೆ ಬೀದಿಗೆ ಬೀದಿಯೇ ಆ ಹೆಂಗಸಿನ ಪಕ್ಷ ವಹಿಸಿತ್ತು. ಮಿಸೆಸ್ ಪಾಟ್ಸ್ ಅವನನ್ನು ಕಂಡು ಮಳೆಯ ಮಾತನ್ನೂ ಆಡಲಿಲ್ಲ.

ಸಂಜೆ ಅವನು ಹಾಳೆ ಹಿಡಿದು ಕೂತ. ಗೋಡೆಯಾಚೆ ಕುರ್ಚಿಯೊಂದು ಕಿರುಗುಟ್ಟಿತು. ಅವನು ತುಟಿ ಬಿಚ್ಚಲಿಲ್ಲ. ತುಸು ಹೊತ್ತಿಗೆ ಆ ಕುರ್ಚಿ ದೂರ ಸರಿದ ಸದ್ದು ಕೇಳಿಸಿತು.

ಆ ಹೆಂಗಸು ಆಡಿದ ಒಂದೊಂದು ಮಾತನ್ನೂ ಬರೆದವನು ತಾನೇ ಎಂದು ಅವನು ಎನಿಡ್ ಪಾಸ್ಕ್‌ಗೆ ಯಾವತ್ತೂ ಹೇಳಲಿಲ್ಲ.